ಮುರಿಯದ ಬೋಲ್ಟ್

ಮೊರಿತಾ ಎಂಬ ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂಬ ವಿಷಯದಲ್ಲಿ ದ್ವಾರಕನಾಥನಿಗೆ ಎಳ್ಳಷ್ಟೂ ಅಳುಕಿರಲಿಲ್ಲ.

2015ರ ಜನವರಿಯ ಒಂದು ಸೋಮವಾರ, ಸಿಂಗಪುರದ ಜುರಾಂಗ್ ಈಸ್ಟಿನ ಕಚೇರಿಯಲ್ಲಿ ಕುಳಿತು ಅವನು ಜಪಾನಿನ ಹೊಕ್ಕೈಡೋದ ಹಳ್ಳಿಯೊಂದರಿಂದ ಬಂದ ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಟ್ರ್ಯಾಕ್ಟರಿನ ಹಿಂಬದಿಗೆ ಸಿಕ್ಕಿಸುವ ಸ್ನೋಬ್ಲೋವರುಗಳನ್ನು ಮಾರುವ ಕಂಪನಿ ಅದು. ಬಿಡಿಭಾಗಗಳು ಇಲ್ಲಿನ ಗೋದಾಮಿನಿಂದ ಹೋಗುತ್ತಿದ್ದವು. ಮನೆಬಾಗಿಲಿನಿಂದ ರಸ್ತೆಯವರೆಗಿನ ದಾರಿಯಲ್ಲಿ ಸೊಂಟದೆತ್ತರ ಹಿಮ ಬಿದ್ದಾಗ ಟ್ರ್ಯಾಕ್ಟರನ್ನು ಹಿಂದುಹಿಂದಕ್ಕೆ ನಡೆಸಿದರೆ, ಯಂತ್ರದ ಸುರುಳಿ ಅಲಗು ಹಿಮವನ್ನು ಕಬಳಿಸಿ, ಮೇಲಿನ ಕೊಳವೆಯಿಂದ ಪಕ್ಕಕ್ಕೆ ತೂರುತ್ತದೆ. ಇದೆಲ್ಲ ದ್ವಾರಕನಾಥನಿಗೆ ವಿಡಿಯೋಗಳಿಂದ ಗೊತ್ತು. ಹನ್ನೆರಡು ವರ್ಷ ಈ ಕೆಲಸದಲ್ಲಿದ್ದರೂ ಅವನು ಕೈಯಾರೆ ಮುಟ್ಟಿದ ಹಿಮವೆಂದರೆ ಮನೆಯ ಫ್ರಿಜ್ಜಿನ ಮೇಲಿನ ಖಾನೆಯದು.

ಅವನ ವ್ಯವಹಾರವಿದ್ದದ್ದು ಹಿಮದೊಂದಿಗಲ್ಲ, ಮನುಷ್ಯರೊಂದಿಗೆ. ವಾರಂಟಿ ಕೇಳಿ ಬಂದ ಅರ್ಜಿಗಳಲ್ಲಿ ಸುಳ್ಳು ಎಲ್ಲಿ ಅಡಗಿದೆಯೆಂದು ಹುಡುಕಿ ತೆಗೆಯುವುದು ಅವನ ಹೊಟ್ಟೆಪಾಡು. ಆ ಚಾಳಿ ಮನೆಗೂ ಅಂಟಿಕೊಂಡಿತ್ತು. "ನಾನು ಕೊಟ್ಟ ಕಾಫಿನೂ ಒಂದ್ಸಲ ಮೂಸಿ ನೋಡಿ ಕುಡೀತೀರಲ್ರೀ" ಎಂದು ಹೆಂಡತಿ ಮೈಥಿಲಿ ಹಂಗಿಸುತ್ತಿದ್ದಳು.

ಅಲಗನ್ನು ಅದರ ದಂಡಕ್ಕೆ ಹಿಡಿದಿಡುವ ಬೋಲ್ಟನ್ನು ಬೇಕೆಂದೇ ಮೆದು ಉಕ್ಕಿನಲ್ಲಿ ಮಾಡಿರುತ್ತಾರೆ. ಹಿಮದಡಿಯಲ್ಲಿ ಕಲ್ಲೋ, ಹೆಪ್ಪುಗಟ್ಟಿದ ದಿನಪತ್ರಿಕೆಯ ಕಟ್ಟೋ ಅಲಗಿಗೆ ಸಿಕ್ಕಿಕೊಂಡರೆ ಬೋಲ್ಟ್ ಮುರಿದು ಅಲಗು ನಿಲ್ಲಬೇಕು, ಒಳಗಿನ ಗೇರ್‌ಬಾಕ್ಸ್ ಉಳಿಯಬೇಕು. ಐದು ನಿಮಿಷದಲ್ಲಿ ಹೊಸ ಬೋಲ್ಟ್ ಹಾಕಿಕೊಂಡು ಕೆಲಸ ಮುಂದುವರಿಸಬಹುದು. ಮೊರಿತಾನ ಯಂತ್ರದಲ್ಲಿ ಆದದ್ದು ಇದಕ್ಕೆ ತಲೆಕೆಳಗು. ಗೇರ್‌ಬಾಕ್ಸಿನ ಹಲ್ಲುಗಳೆಲ್ಲ ನುಚ್ಚುನೂರಾಗಿದ್ದವು, ಬೋಲ್ಟ್ ಮಾತ್ರ ಮದುವಣಿಗನ ಹಾಗೆ ಮಿಂಚುತ್ತ ನೆಟ್ಟಗೆ ನಿಂತಿತ್ತು. ಮುದುಕ ತಾನೇ ಯಾವುದೋ ಗಟ್ಟಿ ಬೋಲ್ಟ್ ಜಡಿದು, ಈಗ ಕಂಪನಿಯ ತಲೆಗೆ ಕಟ್ಟಲು ನೋಡುತ್ತಿದ್ದಾನೆ. ಅದು ನಿಮ್ಮದೇ ಪೊಟ್ಟಣದ ಬೋಲ್ಟ್ ಎಂದು ಮುದುಕ ಬರೆದಿದ್ದ. ತಾನು ನಿವೃತ್ತ ಅಂಚೆಯವನೆಂದೂ, ಊರಿನ ಹದಿನಾಲ್ಕು ಮನೆಗಳ ದಾರಿಯನ್ನು ತಾನೇ ತೆರವು ಮಾಡುವವನೆಂದೂ, ಆ ಮನೆಗಳಲ್ಲಿರುವವರೆಲ್ಲ ತನಗಿಂತ ಹಿರಿಯರೆಂದೂ ಸೇರಿಸಿದ್ದ. ಕರುಣೆ ಹುಟ್ಟಿಸುವ ಅರ್ಜಿಗಳನ್ನು ದ್ವಾರಕನಾಥ ಇಮ್ಮಡಿ ಎಚ್ಚರದಿಂದ ಓದುತ್ತಿದ್ದ. 'ಗ್ರಾಹಕರು ನಕಲಿ ಬೋಲ್ಟ್ ಬಳಸಿದ್ದಾರೆ' ಎಂದು ಬರೆದು ಅರ್ಜಿಯನ್ನು ತಿರಸ್ಕರಿಸಿದ.

ಬುಧವಾರ ಇನ್ನೊಂದು ಊರಿನಿಂದ ಅಂಥದೇ ಅರ್ಜಿ ಬಂತು. ಗುರುವಾರ ಮೂರನೆಯದು. ಮೂರರಲ್ಲೂ ಅದೇ ಹೊಳಪು, ಬೋಲ್ಟಿನ ತಲೆಯ ಮೇಲೆ ಅದೇ ಅಚ್ಚು. ಒಬ್ಬರನ್ನೊಬ್ಬರು ಅರಿಯದ ಮೂವರು ಸುಳ್ಳುಗಾರರು ಒಂದೇ ಅಂಗಡಿಗೆ ಹೋಗಿರಲಾರರು. ದ್ವಾರಕನಾಥನ ಅನುಮಾನ ಸಮುದ್ರದಾಚೆಯಿಂದ ತಿರುಗಿ ಬಂದು, ಅದೇ ಕಟ್ಟಡದ ಕೆಳಮಹಡಿಯ ಸ್ಟೋರ್ಸಿನಲ್ಲಿ ಇಳಿಯಿತು.

ಸ್ಟೋರ್ಸಿನಲ್ಲಿ ಪೊಟ್ಟಣ ಕಟ್ಟುವವನು ಉಮೇಶ. ದಾವಣಗೆರೆಯವನು, ಮೂರು ವರ್ಷದ ಹಿಂದೆ ದ್ವಾರಕನಾಥನೇ ಶಿಫಾರಸು ಮಾಡಿ ಸೇರಿಸಿದವನು, ದಿನವೂ ಊಟಕ್ಕೆ ಎದುರಿಗೆ ಕೂತು, ಹೆಂಡತಿ ನಳಿನಿ ಕಳಿಸಿದ ಚಟ್ನಿಪುಡಿಯಲ್ಲಿ ಅರ್ಧ ಇವನ ತಟ್ಟೆಗೆ ಹಾಕುವವನು. ಸಿಂಗಪುರದಲ್ಲಿ ದುಡಿಯಲು ಬೇಕಾದ ಅವನ ವರ್ಕ್ ಪಾಸು ತಿಂಗಳ ಕೊನೆಗೆ ಮುಗಿಯುವುದಿತ್ತು. ನವೀಕರಣದ ಕಾಗದಪತ್ರ ಮ್ಯಾನೇಜರ್ ಪಟ್ಟಾಭಿರಾಮರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಸಹಿ ಬೀಳದಿದ್ದರೆ ಗಂಡ, ಹೆಂಡತಿ, ಈಗಷ್ಟೇ ಶಾಲೆಗೆ ಸೇರಿದ್ದ ಮಗಳು ಸಮೃದ್ಧಿ ಮೂವರೂ ಗಂಟುಮೂಟೆ ಕಟ್ಟಬೇಕಾಗಿತ್ತು.

ಒಮ್ಮೆ ಸಂಶಯ ಹೊಕ್ಕಮೇಲೆ ಹಳೆಯದೆಲ್ಲ ಹೊಸ ಅರ್ಥ ಪಡೆಯಿತು. ಕೆಲವು ಮಧ್ಯಾಹ್ನ ಉಮೇಶ ಊಟ ಬಿಟ್ಟು ಹಾರ್ಡ್‌ವೇರ್ ಅಂಗಡಿಯ ಕಡೆ ಹೋಗುತ್ತಿದ್ದ. ಬರುವಾಗ ಕೈಚೀಲ ಜೋತುಬಿದ್ದಿರುತ್ತಿತ್ತು. ಕೇಳಿದರೆ "ಸ್ವಲ್ಪ ಕೆಲಸ ಇತ್ತು ಸಾರ್" ಎಂದು ನಗುತ್ತಿದ್ದ. ಕಪಾಟಿನಲ್ಲಿದ್ದ ಪೊಟ್ಟಣವೊಂದರ ಅಂಚಿನಲ್ಲಿ ಎರಡನೆಯ ಸಲ ಅಂಟಿಸಿದ ಟೇಪು ಕಂಡಿದ್ದೂ ನೆನಪಾಯಿತು. ಅಸಲಿ ಮಾಲನ್ನು ಹೊರಗೆ ಸಾಗಿಸಿ ಒಳಗೆ ಬೇರೆಯದನ್ನು ತುಂಬುತ್ತಿದ್ದಾನೆ. ಶಿಫಾರಸು ಮಾಡಿದ ತಪ್ಪಿಗೆ ಮೊದಲು ತನ್ನ ಹೆಸರೇ ಕೆಡುತ್ತದೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅವನು ಪಟ್ಟಾಭಿರಾಮರಿಗೆ ಮೇಲ್ ಕಳಿಸಿದ: ಸ್ಟೋರ್ಸಿನಲ್ಲಿ ಕಳವು ನಡೆಯುತ್ತಿರುವ ಬಲವಾದ ಶಂಕೆಯಿದೆ, ಉಮೇಶನ ಪಾಸಿನ ವಿಷಯ ತಡೆಹಿಡಿಯುವುದು ಒಳ್ಳೆಯದು. ಉತ್ತರ ಒಂದೇ ಮಾತಿನಲ್ಲಿ ಬಂತು, ತಡೆಹಿಡಿಯಲಾಗಿದೆ.

ಆಮೇಲೆ ಸಾಕ್ಷಿ ಹಿಡಿಯಲು ಅವನು ಕೆಳಗಿಳಿದ.

"ಏನ್ಸಾರ್, ಆಡಿಟ್ಟಾ?" ಉಮೇಶ ಸ್ಟೂಲಿನಿಂದ ಎದ್ದ.

"ಆ ಬೀರು ತೆಗಿ."

"ತೆಗಿಯೋದೇನ್ ಬಂತು, ಬೀಗಾನೇ ಇಲ್ವಲ್ಲ."

ಕಳ್ಳನ ಮುಖದಲ್ಲಿ ಇರಬೇಕಾದ ಗಾಬರಿಯನ್ನು ದ್ವಾರಕನಾಥ ಹುಡುಕಿದ. ಕಂಡದ್ದು ಹುರುಪು. ಯಾರಾದರೂ ಬಂದು ಕೇಳಲೆಂದೇ ಕಾದಿದ್ದವನಂತೆ ಉಮೇಶ ಬಿಸ್ಕತ್ತಿನ ಡಬ್ಬವೊಂದನ್ನು ತೆಗೆದು ಮೇಜಿನ ಮೇಲೆ ಸುರಿದ. ಕೆಂಪಗೆ ತುಕ್ಕು ಹಿಡಿದ ನೂರಾರು ಬೋಲ್ಟುಗಳು. ಒಂದೂ ಹೊರಗೆ ಹೋಗಿರಲಿಲ್ಲ.

"ಇದು ನಮ್ಮ ಒರಿಜಿನಲ್ ಸಾರ್. ಶನಿವಾರ, ಭಾನುವಾರ ಏಸಿ ಆಫ್ ಮಾಡ್ಬಿಡ್ತಾರಲ್ಲ, ಈ ಊರಿನ ಹ್ಯುಮಿಡಿಟಿಗೆ ಮೂರೇ ತಿಂಗಳಿಗೆ ಪ್ಯಾಕೆಟ್ ಒಳಗೇ ಹೀಗಾಗುತ್ತೆ. ಇದನ್ನ ಕಳಿಸಿದ್ರೆ ಜಪಾನಿನೋರು ನಮ್ಮ ಮುಖಕ್ಕೆ ಉಗೀತಾರೆ. ಅದಕ್ಕೇ ನಾನೇ ಅಂಗಡಿ ಅಂಗಡಿ ಸುತ್ತಿ ಸ್ಟೇನ್‌ಲೆಸ್ ಸ್ಟೀಲಿಂದು ಹುಡುಕಿದೆ. ಅದೇ ಸೈಜು, ಗಟ್ಟಿ ಮಾಲು. ವರ್ಷ ಆಗ್ತಾ ಬಂತು, ಒಂದು ಕಂಪ್ಲೇಂಟಿಲ್ಲ. ಒಂದೂ ಮುರಿಯಲ್ಲ ಸಾರ್."

"ನಿನಗೆ ಯಾರು ಹೇಳಿದ್ದು?"

"ನೀವೇ."

ಬೀರುವಿನ ಬಾಗಿಲ ಒಳಗೆ ಮೇಲ್ ಒಂದರ ಪ್ರಿಂಟ್ ಅಂಟಿಸಿತ್ತು. 2014ರ ಫೆಬ್ರವರಿಯಲ್ಲಿ ಹೊಕ್ಕೈಡೋದ ಡೀಲರ್ ಬರೆದ ದೂರು: ಬೋಲ್ಟುಗಳು ತುಕ್ಕು ಹಿಡಿದು ಬರುತ್ತಿವೆ. ಅದರ ನೆತ್ತಿಯ ಮೇಲೆ ದ್ವಾರಕನಾಥನ ಒಂದೇ ಸಾಲು: 'ಉಮೇಶ್, ಪ್ಲೀಸ್ ಡು ದಿ ನೀಡ್‌ಫುಲ್'. ಏನು ಮಾಡಬೇಕೆಂದು ಅವನು ಹೇಳಿರಲಿಲ್ಲ, ಏನು ಮಾಡಿದೆಯೆಂದು ಕೇಳಿಯೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಆ ಸಾಲನ್ನು ಬರೆದು ಯಾರಿಗಾದರೂ ದಾಟಿಸುವುದು, ಸಂಜೆಗೆ ದೂರು ಬಗೆಹರಿದಿದೆ ಎಂದು ಗುರುತು ಹಾಕುವುದು, ಇದು ಆ ಕಚೇರಿಯಲ್ಲಿ ಎಲ್ಲರ ರೂಢಿ.

"ಮುರೀಬೇಕು ಕಣೋ ಅದು" ಎಂದ ದ್ವಾರಕನಾಥ. "ಮುರಿಯೋದೇ ಅದರ ಕೆಲಸ."

ಉಮೇಶನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನ ಪಟ್ಟಿಯಲ್ಲಿ ಆ ವಸ್ತುವಿಗೆ ಒಂದು ನಂಬರು, ಒಂದು ಅಳತೆ, ಇಷ್ಟೇ ಇತ್ತು. ಅವನೂ ಹಿಮ ಕಂಡವನಲ್ಲ. ಹಿಮದಡಿ ಕಲ್ಲಿರುತ್ತದೆಂದು ಅವನಿಗೆ ಹೇಗೆ ಹೊಳೆಯಬೇಕು?

"ಎಷ್ಟು ಮಷಿನ್ ಹೋಯ್ತು ಸಾರ್?"

"ಮೂರು. ಗೊತ್ತಾಗಿರೋದು."

ಉಮೇಶ ತುಕ್ಕು ಬೋಲ್ಟುಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕತೊಡಗಿದ.

ಮೇಲೆ ಹೋದ ದ್ವಾರಕನಾಥ ಬಾಯಿಮಾತಿನಲ್ಲೇ ಎಲ್ಲ ಮುಗಿಸಲು ನೋಡಿದ. ಕಳವಿಲ್ಲ, ಸಣ್ಣ ತಪ್ಪು ತಿಳಿವಳಿಕೆ, ಹುಡುಗ ಒಳ್ಳೆಯವನು ಎಂದ. ಪಟ್ಟಾಭಿರಾಮರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಆ ನೋಟದ ಗುರುತು ಅವನಿಗೆ ಚೆನ್ನಾಗಿತ್ತು. ಅರ್ಜಿಗಳನ್ನು ಅವನೇ ನೋಡುತ್ತಿದ್ದುದು ಹಾಗೆ.

"ಬೆಳಿಗ್ಗೆ ಕಳ್ಳ ಅಂತ ಬರೀತೀರಿ. ಮಧ್ಯಾಹ್ನದ ಹೊತ್ತಿಗೆ ಸಾಧು ಆಗ್ಬಿಟ್ಟ. ಊಟಕ್ಕೆ ಏನ್ರೀ ಕೊಡಿಸಿದ ಅವನು?"

ದ್ವಾರಕನಾಥ ನಿಜವನ್ನೇ ಹೇಳುತ್ತಿದ್ದೇನೆ ಎಂದ. ಹಾಗೆ ಹೇಳಿದ ಎಷ್ಟು ಜನರನ್ನು ತಾನು ನಂಬಿದ್ದೆ ಎಂಬುದೂ ಆಗಲೇ ನೆನಪಾಗಬೇಕೆ. ನಂಬಿಸಲು ಇದ್ದದ್ದು ಒಂದೇ ದಾರಿ, ಆ ಹಳೆಯ ಮೇಲನ್ನು ತೋರಿಸುವುದು. ತೋರಿಸಿದರೆ ತನ್ನ ವಾರಂಟಿಯ ಕುರ್ಚಿಯ ಆಸೆ ಬಿಡಬೇಕು. ತೋರಿಸದಿದ್ದರೆ ಮೂವತ್ತೊಂದನೆಯ ತಾರೀಖಿಗೆ ಉಮೇಶನ ಪಾಸು ತಾನಾಗಿಯೇ ಸಾಯುತ್ತದೆ. ಯಾರೂ ಏನೂ ಮಾಡಬೇಕಾಗಿಲ್ಲ. ಶನಿವಾರ, ಭಾನುವಾರ ಮೈಥಿಲಿ ಎರಡು ಸಲ ಏನಾಯಿತೆಂದು ಕೇಳಿದಳು, ಅವನು ತಲೆನೋವೆಂದ. ಸೋಮವಾರ ಬೆಳಿಗ್ಗೆ ಕುಳಿತು, ಹಳೆಯ ಮೇಲನ್ನೂ ಲಗತ್ತಿಸಿ ಪಟ್ಟಾಭಿರಾಮರಿಗೆ ಬರೆದ. ದೂರನ್ನು ಓದದೆ ದಾಟಿಸಿದವನು ನಾನು. ಬಗೆಹರಿದಿದೆ ಎಂದು ಸುಳ್ಳು ಗುರುತು ಹಾಕಿದವನು ನಾನು. ಮೊರಿತಾ ಅವರು ಹೇಳಿದ್ದು ನಿಜ.

ಮಂಗಳವಾರ ವಿಚಾರಣೆ ನಡೆಯಿತು. ಪಟ್ಟಾಭಿರಾಮರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ದ್ವಾರಕನಾಥ ಶುಕ್ರವಾರವೂ ಸೋಮವಾರವೂ ಕಳಿಸಿದ ಎರಡೂ ಮೇಲುಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಗಟ್ಟಿ ಬೋಲ್ಟುಗಳನ್ನೆಲ್ಲ ವಾಪಸ್ಸು ತರಿಸುವುದೆಂದೂ, ಮೂರು ಗೇರ್‌ಬಾಕ್ಸುಗಳು ವಿಮಾನದಲ್ಲಿ ಹೋಗತಕ್ಕದ್ದೆಂದೂ ತೀರ್ಮಾನವಾಯಿತು. ಉಮೇಶನ ಕಾಗದಕ್ಕೆ ಸಹಿ ಬಿತ್ತು. ದ್ವಾರಕನಾಥನನ್ನು ವಾರಂಟಿಯಿಂದ ತೆಗೆದು, ಸ್ಟೋರ್ಸಿನಿಂದ ಹೊರಡುವ ಪ್ರತಿ ಪೊಟ್ಟಣವನ್ನೂ ಪರೀಕ್ಷಿಸುವ ಕೆಲಸಕ್ಕೆ ಹಾಕಿದರು.

ಲಿಫ್ಟಿನಲ್ಲಿ ಇಬ್ಬರೇ ಇಳಿದರು.

"ಮೊದಲನೇ ಮೇಲು ಎಷ್ಟೊತ್ತಿಗೆ ಕಳಿಸಿದ್ರಿ ಸಾರ್?"

"ಹತ್ತೂವರೆ."

"ನನ್ನ ಹತ್ರ ಬಂದಿದ್ದು?"

"ಹನ್ನೊಂದೂವರೆ ಇರಬೇಕು."

ಉಮೇಶ ತಲೆಯಾಡಿಸಿದ. "ಒಂದು ಗಂಟೆ ಮುಂಚೆ ಬಂದು ಕೇಳಿದ್ರೆ ಆಗ್ತಿತ್ತು."

ಫೆಬ್ರವರಿಯ ಎರಡನೆಯ ವಾರ ಡೀಲರ್ ಒಂದು ವಿಡಿಯೋ ಕಳಿಸಿದ. ಮೊರಿತಾ ಟೊಪ್ಪಿಗೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು, ಕತ್ತು ಹಿಂದಕ್ಕೆ ಹೊರಳಿಸಿ ಟ್ರ್ಯಾಕ್ಟರನ್ನು ಹಿಂದುಹಿಂದಕ್ಕೆ ನಡೆಸುತ್ತಿದ್ದ. ಹಿಮ ಕಮಾನಾಗಿ ಎದ್ದು ಬೇಲಿಯಾಚೆ ಬೀಳುತ್ತಿತ್ತು. ಹೊಸ ಗೇರ್‌ಬಾಕ್ಸ್ ಬರುವವರೆಗಿನ ಹದಿನಾರು ದಿನ ಮುದುಕ ಹದಿನಾಲ್ಕು ಮನೆಗಳ ದಾರಿಯನ್ನು ಸಲಿಕೆಯಿಂದಲೇ ಬಿಡಿಸಿದ್ದನಂತೆ. ದ್ವಾರಕನಾಥ ವಿಡಿಯೋ ಹಾಕಿದ ಫೋನನ್ನು ಸ್ಟೋರ್ಸಿನ ಮೇಜಿನ ಮೇಲಿಟ್ಟು ಉಮೇಶನನ್ನು ಕರೆದ. ಉಮೇಶ ದೂರದಿಂದಲೇ ನೋಡಿ "ಚೆನ್ನಾಗಿದೆ ಸಾರ್" ಎಂದ.

ಈಗ ಅವನು ಊಟಕ್ಕೆ ಬೇರೆ ಮೇಜಿನಲ್ಲಿ ಕೂರುತ್ತಾನೆ. ದ್ವಾರಕನಾಥ ಏನಾದರೂ ಹೇಳಿದರೆ "ಮೇಲ್‌ನಲ್ಲಿ ಹಾಕಿ ಸಾರ್" ಎನ್ನುತ್ತಾನೆ. ಪ್ರತಿ ಪೊಟ್ಟಣವನ್ನೂ ಮುಚ್ಚುವ ಮುಂಚೆ ಫೋನಿನಲ್ಲಿ ಎರಡು ಫೋಟೋ ತೆಗೆದು, ರಿಜಿಸ್ಟರನ್ನು ದ್ವಾರಕನಾಥನ ಮುಂದಕ್ಕೆ ತಳ್ಳುತ್ತಾನೆ. ದ್ವಾರಕನಾಥ ಒಳಗೆ ಇಣುಕಿ, ಮೆದು ಬೋಲ್ಟುಗಳನ್ನು ಎಣಿಸಿ, ಸಹಿ ಮಾಡುತ್ತಾನೆ.

"ಟೈಮೂ ಹಾಕ್ಬಿಡಿ ಸಾರ್" ಎನ್ನುತ್ತಾನೆ ಉಮೇಶ, ಅವನು ಬರೆದು ಮುಗಿಸುವವರೆಗೂ ಪೆನ್ನಿನ ತುದಿಯಿಂದ ಕಣ್ಣು ಕೀಳದೆ.