ಇನ್ನೊಬ್ಬ ತಾಯಿ

ಟಕ್ ಎಂದು ಗುಂಡಿ ಒತ್ತಿದ ಸದ್ದು. ಹೆಬ್ಬಗೋಡಿಯ ಆ ಮನೆಯಲ್ಲಿ ರಾತ್ರಿ ಒಂದು ಗಂಟೆಗೆ ಕೇಳಿಸಿದ್ದು ಅದೊಂದೇ. ಆಶಾರಾಣಿ ಡಿವಿಡಿ ನಿಲ್ಲಿಸಿದಳು, ಹಿಂದಕ್ಕೆ ಓಡಿಸಿದಳು, ಮತ್ತೆ ಬಿಟ್ಟಳು. ಒಳಕೋಣೆಯಲ್ಲಿ ಅಮ್ಮ ಮಗ್ಗುಲು ಬದಲಿಸಿದರೂ ಆಶಾರಾಣಿಯ ಕೈ ಗುಂಡಿಯ ಮೇಲೇ ನಿಲ್ಲುತ್ತಿತ್ತು.

ಅಮ್ಮನಿಗೆ ಎಚ್ಚರವಾದೀತೆಂದು ಟಿವಿಯ ದನಿ ಪೂರ್ತಿ ಇಳಿಸಿ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಧಾರಾವಾಹಿಗೆ ಬರೆಯುವ ಆಸೆಯಿದ್ದವಳಿಗೆ ಬರಬರುತ್ತ ಅದೇ ಪಾಠವೂ ಆಯಿತು. ತನಗೆ ಇಷ್ಟವಾದ ಹಳೆಯ ಸಿನಿಮಾ, ಧಾರಾವಾಹಿಗಳ ದೃಶ್ಯಗಳನ್ನು ಮಾತಿಲ್ಲದೆ ಹತ್ತು ಸಲ ನೋಡಿ, ಯಾರ ಕೈ ಏನು ಮಾಡುತ್ತಿದೆ, ಯಾರು ಯಾವಾಗ ಮುಖ ತಿರುಗಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಎರಡು ವರ್ಷಕ್ಕೆ ಒಂದು ಸಂಗತಿ ತಿಳಿಯಿತು: ಎದೆಗಿಳಿಯುವ ದೃಶ್ಯದಲ್ಲಿ ದುಃಖವಾದವರು ದುಃಖದ ಮಾತಾಡುವುದಿಲ್ಲ. ಒಲೆ ಆರಿಸಿದೆಯಾ ಎಂದು ಕೇಳುತ್ತಾರೆ.

ಆ ರಾತ್ರಿ ಅವಳಿಗೆ ಅವಸರವಿತ್ತು. ಧಾರಾವಾಹಿಗೆ ಸಂಭಾಷಣೆ ಬರೆಯುವವರೊಬ್ಬರು ಬೆಳಿಗ್ಗೆಯೊಳಗೆ ಒಂದು ದೃಶ್ಯ ಕೇಳಿದ್ದರು. ಸತ್ತ ಮಗನನ್ನು ಮನೆಗೆ ತರುತ್ತಾರೆ, ತಾಯಿ ಬಾಗಿಲಲ್ಲಿದ್ದಾಳೆ. ಬರೆಯುವವಳು ಇವಳಾದರೂ ತೆರೆಯ ಮೇಲೆ ಹೆಸರು ಅವರದೇ ಬರುತ್ತದೆ. ಚೆನ್ನಾಗಿದ್ದರೆ ಇವಳಿಗೆ ಮುಂದೆಯೂ ಕೆಲಸ. ಮೂರು ಸಲ ಬರೆದು ಹರಿದಳು. ನಾಲ್ಕನೆಯ ಸಲ ಬರೆದದ್ದು ತನ್ನ ಅಮ್ಮ ನಾಗಲಕ್ಷ್ಮಮ್ಮನ ಮಾತನ್ನೇ.

ನಾಲ್ಕು ವರ್ಷದ ಹಿಂದೆ ಅವಳ ತಮ್ಮ ನರೇಶ ಕೆಲಸದಿಂದ ಬರುವಾಗ ಹೊಸೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡ. ಅವನನ್ನು ಮನೆ ಮುಂದೆ ತಂದು ಇಳಿಸುವಾಗ ಅಮ್ಮ ಅಳಲಿಲ್ಲ. ಹೊಸ್ತಿಲ ಹತ್ತಿರ ಅವನು ಬೆಳಿಗ್ಗೆ ಬಿಟ್ಟುಹೋದ ಮನೆ ಚಪ್ಪಲಿ ನೋಡಿ, "ಅವನ ಚಪ್ಲಿ ಒಳಿಕ್ ಮಡಗಮ್ಮ, ಯಾರಾರ ಆಕ್ಕೊಂಡ್ ಓಗ್ತಾರೆ" ಎಂದಳು.

ಹದಿನಾರು ಬಾಡಿಗೆ ಮನೆಗಳ ಅಂಗಳ ಅದು, ಚಪ್ಪಲಿ ಕಳೆಯುವುದು ಅಲ್ಲಿ ಹೊಸತಲ್ಲ. ಆದರೆ ಸೋದರತ್ತೆ ಅಂಜನಮ್ಮ ಆ ಮಾತನ್ನು ನೆಂಟರ ಮನೆ ಮನೆಗೂ ಹೊತ್ತಳು. ಮಗ ಹೆಣವಾಗಿ ಬಂದವನೆ, ಈವಮ್ಮಂಗೆ ಚಪ್ಪಲಿ ಚಿಂತೆ ಎಂದು. ಅಲ್ಲಿಂದೀಚೆಗೆ ಅಮ್ಮ ಯಾರ ಮದುವೆಗೂ ಹೋಗಿರಲಿಲ್ಲ.

ದೃಶ್ಯ ಒಂದಕ್ಷರ ಬದಲಾಗದೆ ಒಪ್ಪಿಗೆಯಾಯಿತು. ಆಮೇಲೆ ಶುರುವಾಯಿತು ಆಶಾರಾಣಿಯ ಹೆದರಿಕೆ. ಅಮ್ಮ ಒಂದು ದಿನವೂ ತಪ್ಪಿಸದ ಧಾರಾವಾಹಿ ಅದು.

ಆ ಕಂತು ಬಂದ ಸಂಜೆ ಅಮ್ಮ ಟಿವಿ ಮುಂದೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ದೃಶ್ಯ ಮುಗಿದ ಕೂಡಲೇ ನಾನೇ ಬರೆದೆ ಎಂದು ಹೇಳಿ, ತಪ್ಪಾಯಿತು ಎನ್ನಬೇಕೆಂದು ಆಶಾರಾಣಿ ಗಟ್ಟಿ ಮಾಡಿಕೊಂಡಿದ್ದಳು. ಅವಳು ಟಿವಿ ನೋಡಲಿಲ್ಲ, ಅಮ್ಮನ ಕೈ ನೋಡಿದಳು. ತೆರೆಯ ಮೇಲಿನ ತಾಯಿ ಚಪ್ಪಲಿಯ ಮಾತಾಡಿದಾಗ ಆ ಕೈ ನಿಂತಿತು.

ಜಾಹೀರಾತು ಬಂತು, ಹೋಯಿತು, ಮತ್ತೊಂದು ಬಂತು.

"ನೋಡ್ದಾ ಆಶಾ," ಅಮ್ಮ ಮೆಲ್ಲಗೆ ಅಂದಳು. "ಇನ್ನೊಬ್ಳು ತಾಯಿನೂ ಇಂಗೇ ಅಂದವ್ಳೆ. ಎಲ್ಲೋ ನಡೆದಿರ್ಬೇಕು ಕಣಮ್ಮ. ನಡೀದೇ ಇದ್ರೆ ಯಾರ್ ಬರೀತಾರೆ? ನಾನೊಬ್ಳೇ ಕಲ್ಲೆದೆಯೋಳು ಅನ್ಕಂಡಿದ್ದೆ."

ಸೆರಗಿನಿಂದ ಕಣ್ಣೊರೆಸಿಕೊಂಡು, ಯಾವೂರಿನವಳೋ ಪಾಪ ಎಂದು ಕೇಳಿದಳು.

ಗೊತ್ತಿಲ್ಲಮ್ಮ ಎಂದಳು ಆಶಾರಾಣಿ. ನಿಜ ಹೇಳಿದರೆ ಆ ಇನ್ನೊಬ್ಬ ತಾಯಿ ಇಲ್ಲವಾಗುತ್ತಾಳೆ, ಅಮ್ಮ ಮತ್ತೆ ಒಬ್ಬಳೇ ಆಗುತ್ತಾಳೆ. ಮುಂದೆ ತನ್ನ ಹೆಸರಲ್ಲೇ ಎಷ್ಟು ದೃಶ್ಯ ಬರೆದರೂ ಇದು ತಾನು ಬರೆದದ್ದೆಂದು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿ, ಅಮ್ಮನ ಪಕ್ಕ ಕೂತು ಕಾಳು ಹಿದುಕತೊಡಗಿದಳು.