ದಿಂಬು ಇದ್ದ ಕ್ಷೇತ್ರ

"ಏ ಡೆಲ್ಫೀನ್, ನಿನ್ ಮಾನ ಮರ್ಯಾದೆ ಆಮೇಲ್ ನೋಡ್ಕೊಳ್ಳೋಣ. ತಲೆ ಎಲ್ಲಿಡ್ತೀಯ, ಕುಂಡಿ ಎಲ್ಲಿಡ್ತೀಯ, ಮೊದ್ಲು ಅದನ್ನ ಹೇಳು."

ವಕೀಲ ಹಾಲ್ಡ್ರಿಜ್ ನನ್ನ ಮಂಚದ ಪಕ್ಕದಲ್ಲಿ ನಿಂತಿದ್ದ. ಮನೆಯೊಳಗೆ ಬಂದರೂ ಟೋಪಿ ತೆಗೆದಿರಲಿಲ್ಲ. ಅವನ ಸರ್ವೆಯವನು ಬಾಗಿಲಿನಿಂದ ದಾರ ಹಿಡಿದು, ಕಿತ್ತಳೆ ಬಣ್ಣ ಚಿಮ್ಮಿಸುತ್ತ ಬಂದ. ಗೆರೆ ನೆಲ ದಾಟಿ ಮಂಚ ಹತ್ತಿತು, ಕೌದಿಯ ಮೇಲೆ ಹರಿಯಿತು, ಆ ಕಡೆ ಇಳಿದು ಗೋಡೆ ಸೇರಿತು.

"ಕೌದಿ ಮ್ಯಾಲ್ ಯಾಕ್ಲಾ ಬಣ್ಣ ಹೊಡ್ದೆ, ಬೇವರ್ಸಿ?" ಅಂದಳು ಅತ್ತೆ ಓಜೆಲ್. "ನಮ್ಮವ್ವ ಹೊಲ್ದಿದ್ದು ಅದು."

"ಕಾನೂನಮ್ಮ."

"ನಿನ್ ಕಾನೂನಿಗೆ ಮಲಿಕ್ಕಳಕ್ಕೆ ಬ್ಯಾರೆ ಮನೆ ಸಿಗ್ನಿಲ್ವಾ?"

ಪುರಸಭೆ ಚುನಾವಣೆಯಲ್ಲಿ ನಮ್ಮ ಬೀದಿಯ ಲೂರೀನ್ ಎರಡನೇ ಕ್ಷೇತ್ರದಲ್ಲಿ ಒಂದೇ ಓಟಿನಿಂದ ಗೆದ್ದಿದ್ದಳು. ಚರಂಡಿ ಪೈಪು ಹಾಕಿಸುತ್ತೇನೆ ಅಂದಿದ್ದಳು. ಮಳೆ ಬಂದರೆ ನಮ್ಮ ಹೇಲು ನಮ್ಮ ಅಂಗಳಕ್ಕೇ ವಾಪಸು ಬರುತ್ತದೆ. ಸೋತವನು ಮೀನಿನ ಕೆರೆಗಳ ಮಾಲೀಕ ಟ್ಯಾಲಿ. ನಾವೆಲ್ಲ ಅವನ ಶೆಡ್ಡಿನಲ್ಲಿ ಮೀನು ಸೀಳುವವರು. ಚುನಾವಣೆಗೆ ಮೊದಲು ಎಳೆದ ಕ್ಷೇತ್ರದ ಹೊಸ ಗಡಿಗೆರೆ ಟ್ಯಾಲಿಯ ಬಂಗಲೆಯನ್ನು ನಮ್ಮ ಕ್ಷೇತ್ರದೊಳಕ್ಕೆ ತಂದು, ನಮ್ಮ ಅರ್ಧ ಬೀದಿಯನ್ನು ಮೂರನೆಯದಕ್ಕೆ ದಬ್ಬಿತ್ತು. ಅಷ್ಟಾದರೂ ಸೋತ. ಈಗ ಅವನ ವಕೀಲ ಹಾಲ್ಡ್ರಿಜ್ ನನ್ನ ಓಟು ತೆಗೆಸಿದರೆ ಇಬ್ಬರೂ ಸಮ. ಸಮವಾದರೆ ಜಡ್ಜ್ ನಾಣ್ಯ ಚಿಮ್ಮುತ್ತಾರೆ. ನಾಣ್ಯ ಯಾರ ಜೇಬಿನದು ಎಂದು ಯಾರೂ ಕೇಳುವುದಿಲ್ಲ. ನಾನು ಯಾರಿಗೆ ಓಟು ಹಾಕಿದೆ ಎಂದೂ ಯಾರೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಅದನ್ನು ಕೇಳುವ ಅಗತ್ಯವಿಲ್ಲ.

ಕಾನೂನು ಇಷ್ಟೇ: ಗೆರೆ ಮನೆಯನ್ನು ಸೀಳಿದರೆ, ಮಲಗುವ ಜಾಗ ಯಾವ ಕಡೆಯೋ ಓಟು ಆ ಕಡೆ. ಗೆರೆ ಮಂಚವನ್ನೂ ಸೀಳಿದರೆ, ತಲೆ ಯಾವ ಕಡೆಯೋ ಆ ಕಡೆ. ವಿಶ್ವವಿದ್ಯಾಲಯದಲ್ಲಿ ನಾನು ರಾಜ್ಯಶಾಸ್ತ್ರ ಓದಿದ್ದೆ. ದಿಂಬಿನ ಬಗ್ಗೆ ಪಾಠವಿರಲಿಲ್ಲ.

"ದಿಂಬು ಮೂರನೇದ್ರಲ್ಲಿದೆ," ಅಂದ ಹಾಲ್ಡ್ರಿಜ್.

"ಮದ್ಲು ಹಿಂಗಿರ್ನಿಲ್ಲ ಸ್ವಾಮಿ," ಅತ್ತೆ ಮುಂದೆ ಬಂದಳು. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. "ನನ್ ಮಗನ್ನ ಮಣ್ ಮಾಡಿದ್ ದಿವ್ಸ ನಾನೇ ತಿರುಗ್ಸಿದ್ದು."

"ಅದು ಚುನಾವಣೆಗಿಂತ ಮುಂಚೆ ತಾನೆ?"

"ಊಂ. ಬೇಸ್ಗೇಲಿ."

ಹಾಲ್ಡ್ರಿಜ್ ನಕ್ಕ. ಈಗ ಟೋಪಿ ತೆಗೆದ.

ನನ್ನ ಗಂಡ ಕ್ಲೀವಾನ್ ಆ ಮಂಚದ ಮೇಲೆಯೇ ಸತ್ತಿದ್ದ. ಕೆಲಸ ಮುಗಿಸಿ ಬಂದವನು ರಬ್ಬರ್ ಬೂಟು ಕಳಚದೆ ಒರಗಿದ, ಏಳಲಿಲ್ಲ. ಸತ್ತವನು ತನ್ನ ಜಾಗ ಹುಡುಕಿಕೊಂಡು ಬಾರದಿರಲಿ ಎಂದು ನಮ್ಮಲ್ಲಿ ಮಂಚ ತಿರುಗಿಸುತ್ತಾರೆ. ದಿಂಬಿದ್ದ ಕಡೆ ಕಾಲು, ಕಾಲಿದ್ದ ಕಡೆ ದಿಂಬು.

ಕೋರ್ಟು ಊರಿನಲ್ಲಿ ಮಳೆನೀರು ನಿಲ್ಲದ ಭಾಗದಲ್ಲಿದೆ. ಅದು ಒಂದನೇ ಕ್ಷೇತ್ರ. ಅಲ್ಲಿ ಕಾರಂಜಿ ಇದೆ, ಮುಚ್ಚಳ ಹಾಕಿದ ಚರಂಡಿ ಇದೆ. ನಮ್ಮ ಬೀದಿಯ ಹೆಂಗಸರೆಲ್ಲ ಶೆಡ್ಡಿನಿಂದ ನೇರ ಬೂಟು ಹಾಕಿಕೊಂಡೇ ಬಂದಿದ್ದರು. ಮುಂದೆ ಕೂತಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ಸಾಕ್ಷಿ ಎಂದು ಕೌದಿಯನ್ನು ಉದ್ದದ ಮೇಜಿನ ಮೇಲೆ ಹರಡಿದ್ದರು.

"ಮಂಚ ಯಾಕೆ ತಿರುಗಿಸಿದೆ?" ಹಾಲ್ಡ್ರಿಜ್ ಅತ್ತೆಯನ್ನು ಕೇಳಿದ.

"ಮಗ ಬರ್ಬಾರ್ದು ಅಂತ."

"ಮಣ್ಣಲ್ಲಿರೋನು ಹೇಗಮ್ಮ ಬರ್ತಾನೆ?"

"ನೀವ್ ಗೆರೆ ಎಳ್ಕೊಂಡ್ ಬಂದ್ರಲ್ಲ, ಹಂಗೆ. ಯಾರ್ಗೂ ಹೇಳ್ದೆ."

ಹಿಂದಿನ ಬೆಂಚುಗಳು ನಕ್ಕವು. ಜಡ್ಜ್ ಸುತ್ತಿಗೆ ಕುಟ್ಟಿದರು.

"ಡೆಲ್ಫೀನ್ ಗಂಡನ ಬಗ್ಗೆ ನಮ್ಮ ತಕರಾರಿಲ್ಲ ಸ್ವಾಮಿ," ಅಂದ ಹಾಲ್ಡ್ರಿಜ್. "ಚರ್ಚಿನ ಸ್ಮಶಾನ ಪೂರ್ತಿ ಎರಡನೇ ಕ್ಷೇತ್ರದಲ್ಲಿದೆ. ಅವನು ಹೊರಳೋದೂ ಇಲ್ಲ."

"ಹಂಗಾರೆ ಅವನ್ ಓಟಾರಾ ಎಣ್ಸ್ರಪ್ಪ!" ಅತ್ತೆ ಕೂಗಿದಳು.

ಜಡ್ಜ್ ನನ್ನ ಕಡೆ ತಿರುಗಿದರು. ದನಿ ಮೆತ್ತಗಿತ್ತು. "ನೋಡಮ್ಮ, ನಿದ್ದೆ ಮಾಡೋವಾಗ ತಲೆ ಯಾವ ಕಡೆ?"

"ನಿದ್ದೆ ಮಾಡಲ್ಲ ಸಾರ್."

"ಹಾಗಂದ್ರೆ?"

"ಅವ್ನು ಹೋದಾಗಿಂದ ನಿದ್ದೆ ಹತ್ತಿಲ್ಲ. ಮಂಚದ ಮೇಲೆ ಕೂತಿರ್ತೀನಿ."

"ಕುಂಡಿ ಯಾವ ಕಡೆ ಇರುತ್ತೆ ಅಂತ..." ಸರ್ವೆಯವನು ಶುರು ಮಾಡಿದ. ಜಡ್ಜ್ ಕೈಯೆತ್ತಿ ತಡೆದರು. ಕಾನೂನಿನಲ್ಲಿ ಕೂರುವುದು ಇಲ್ಲ, ಮಲಗುವುದು ಮಾತ್ರ ಇದೆ ಅಂದರು.

"ನಿದ್ದೆ ಮಾಡದವಳು ಎಲ್ಲೂ ವಾಸವಿಲ್ಲ ಸ್ವಾಮಿ," ಅಂದ ಹಾಲ್ಡ್ರಿಜ್. "ಎಲ್ಲೂ ಇಲ್ಲದವಳಿಗೆ ಓಟೂ ಇಲ್ಲ."

ಜಡ್ಜ್ ತಲೆಯಾಡಿಸಿದರು. "ಸರಿ ಅನ್ನಿಸುತ್ತೆ. ಮೊದಲು ಎಲ್ಲಾದರೂ ನಿದ್ದೆ ಮಾಡಮ್ಮ. ಆಮೇಲೆ ನೋಡೋಣ." ಊಟದ ಹೊತ್ತಾಗಿತ್ತು. ಅವರು ತೀರ್ಪು ಬರೆಯಲು ಪೆನ್ನು ತೆಗೆದುಕೊಂಡರು.

ನಾನು ಎದ್ದೆ. ಬೂಟು ಕಳಚಿ ಜೋಡಿಸಿಟ್ಟೆ. ಮೇಜು ಹತ್ತಿದೆ. ಹಾಲ್ಡ್ರಿಜ್‌ನ ಟೋಪಿ ಅಲ್ಲಿತ್ತು. ಅದನ್ನೇ ದಿಂಬು ಮಾಡಿ ತಲೆಯಡಿ ಇಟ್ಟುಕೊಂಡು ಮಲಗಿದೆ.

"ಏ! ಇಳಿ ಕೆಳಗೆ!"

ಕಾವಲಿನವರು ಓಡಿ ಬಂದರು. ಅತ್ತೆ ಅವರಿಗಿಂತ ಮೊದಲು ತಲುಪಿ, ಕೌದಿಯ ಅಂಚು ಎಳೆದು ನನ್ನ ಮೇಲೆ ಹೊದಿಸಿದಳು.

"ಮುಟ್ಟಿದ್ರೆ ಕೈ ಮುರ್ದೇನು, ಸೂಳೇಮಕ್ಳ. ನನ್ ಸೊಸೆ ಮಲಿಕ್ಕಂಡವ್ಳೆ. ತಲೆ ಎಲ್ಲೈತೆ ನೋಡ್ಕಳಿ, ಬರ್ಕಳಿ. ಇನ್ಮ್ಯಾಕೆ ನಿಮ್ ಕ್ಷೇತ್ರದೋಳೇ."

"ಓಜೆಲಕ್ಕ, ಒಸಿ ಸರ್ಕೊ," ಅಂದಳು ಲೂರೀನ್. "ನಂಗೂ ಜಾಗ ಬೇಕು."

ಹಿಂದೆ ಒಂದು ರಬ್ಬರ್ ಬೂಟು ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಬೆಂಚು ಬೆಂಚಿನಲ್ಲೂ ಹೆಂಗಸರು ಬೂಟು ಕಳಚುತ್ತಲೇ ಹೋದರು. ಮೀನಿನ ವಾಸನೆ ಜಡ್ಜ್ ಕುರ್ಚಿಯವರೆಗೂ ಏರಿರಬೇಕು. ಅವರು ಕೆಮ್ಮುತ್ತ ಸುತ್ತಿಗೆ ಕುಟ್ಟುತ್ತಿದ್ದರು.

ಕೌದಿಯಲ್ಲಿ ಬಣ್ಣದ ನಾತ. ಅದರಡಿಯಲ್ಲಿ ಇನ್ನೂ ಕ್ಲೀವಾನ್‌ನ ವಾಸನೆ ಇತ್ತು. ಸುತ್ತಿಗೆಯ ಸದ್ದು ದೂರ ದೂರ ಹೋಗುತ್ತಿತ್ತು. ಯಾರೋ ನನ್ನ ಹೆಸರು ಕೂಗಿದರಂತೆ. ನನಗೆ ಕೇಳಿಸಲಿಲ್ಲ.