ಕೆತ್ತನೆ ಕಿಟಕಿಯ ಒಳಗಡೆ

ಸೈಕಲ್ ಗಂಟೆಗಳು ಕೇಳಿಸಿದವೆಂದರೆ ಆ ಮನೆಯ ಹಿರಿಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು. ನದಿಯ ದಂಡೆಗುಂಟ ಹಳೆಯ ಊರುಗಳನ್ನು ನಿಧಾನವಾಗಿ ನೋಡುತ್ತ ಸಾಗುವ ಸವಾರರು ದಿನವೂ ಬೆಳಗ್ಗೆ ಹತ್ತಕ್ಕೆ ಅವಳ ಬೀದಿಗೆ ಬರುತ್ತಿದ್ದರು. ಬಂದವರು ಹೋಗುತ್ತಲೂ ಇರಲಿಲ್ಲ. ಮುಂಗೋಣೆಯ ಕಿಟಕಿಗೆ ಮುನ್ನೂರು ವರ್ಷದ ಮರದ ಕೆತ್ತನೆ. ಅದರ ಸಂದಿಗೆ ಮೂಗು ತೂರಿಸಿ ಇಣುಕಿದರೇ ಅವರಿಗೆ ಸಮಾಧಾನ. ಮನೆಗೆ ಬೆಳಕು ಬರುವುದು ಅಲ್ಲಿಂದ ಮಾತ್ರ. ಹಾಗಾಗಿ ಅವಳ ಹೊಲಿಗೆ ಯಂತ್ರವೂ ಅಲ್ಲೇ, ಪಾರ್ಶ್ವವಾಯು ಬಡಿದು ಮಾತು ನಿಂತ ಅತ್ತೆಯ ಮಂಚವೂ ಅಲ್ಲೇ.

ಅವರನ್ನೆಲ್ಲ ಕರೆತರುತ್ತಿದ್ದ ಗೈಡ್ ಬೇರೆ ಯಾರೂ ಅಲ್ಲ, ಪಕ್ಕದ ಬೀದಿಯಲ್ಲಿದ್ದ ಅವಳ ಮೈದುನ.

"ಹಿಂದಿನ ದಾರಿಯಲ್ಲಿ ಕರ್ಕೊಂಡು ಹೋಗು ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?"

"ಅತ್ತಿಗೆ, ಅವರು ಬಂದ್ಮೇಲೆ ತಾನೆ ಬೀದಿಗೆ ಕಲ್ಲು ಹಾಸಿದ್ದು, ಮುಚ್ಚಿದ್ದ ಅಂಗಡಿಗಳು ತೆರೆದಿದ್ದು? ನೋಡಿದ್ರೆ ಕಿಟಕಿ ಸವೆಯುತ್ತಾ?"

"ಕಿಟಕಿ ಸವೆಯಲ್ಲ. ನಾವು ಸವೀತಿದ್ದೀವಿ."

"ಹಾಗಾದ್ರೆ ಪರದೆ ಹಾಕ್ಕೊಳ್ಳಿ."

"ಕತ್ತಲೇಲಿ ಸೂಜಿಗೆ ದಾರ ನೀನು ಪೋಣಿಸ್ತೀಯಾ?"

ಗಂಡನಿಗೆ ಹೇಳಿದರೆ, "ನಿಮ್ಮಿಬ್ಬರ ಮಧ್ಯೆ ನನ್ನನ್ನ ಎಳೀಬೇಡಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ.

ಅಂದು ತಂಡ ಅರ್ಧ ಗಂಟೆ ಮೊದಲೇ ಬಂತು. ಅವಳು ಒದ್ದೆ ಬಟ್ಟೆಯಿಂದ ಅತ್ತೆಯ ಮೈ ಒರೆಸುತ್ತಿದ್ದಳು. ಕ್ಲಿಕ್ ಎಂದಿತು. ತಿರುಗಿ ನೋಡಿದರೆ, ಕೆತ್ತನೆಯ ಸಂದಿಯಲ್ಲಿ ಒಂದು ಫೋನು. ಅತ್ತೆ ಸ್ವಾಧೀನವಿದ್ದ ಒಂದೇ ಕೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು.

ಅವಳು ಒದ್ದೆ ಕೈಯಲ್ಲೇ ಹೊರಗೆ ನುಗ್ಗಿದಳು. "ಏನ್ರೀ ತೆಗೆದಿದ್ದು? ತೋರಿಸಿ!"

ಫೋನು ಹಿಡಿದಿದ್ದವರು ನರೆಗೂದಲಿನ ಸಭ್ಯ ಮನುಷ್ಯ. "ಕೋಪ ಮಾಡ್ಕೋಬೇಡಿ ತಾಯಿ. ಹಳೇ ಕಾಲದ ಬದುಕು ಎಷ್ಟು ಸೊಗಸಾಗಿ ಸಿಕ್ಕಿದೆ ಅಂದ್ರೆ… ಗೈಡು, ನೀವೇ ನೋಡಿ ಹೇಳಿ, ಇದರಲ್ಲಿ ತಪ್ಪೇನಿದೆ?"

ಮೈದುನ ಎಂದಿನ ನಗು ಹೊತ್ತು ಫೋನು ಇಸಿದುಕೊಂಡ. ನಗು ಅರ್ಧಕ್ಕೇ ನಿಂತಿತು. ಬಟ್ಟೆಯಿಲ್ಲದ ಸುಕ್ಕುಗಟ್ಟಿದ ಭುಜ, ನಿತ್ರಾಣವಾಗಿ ಜೋತಾಡುವ ತೋಳು, ಕ್ಯಾಮೆರಾವನ್ನೇ ನೋಡುತ್ತಿರುವ ಗಾಬರಿಯ ಕಣ್ಣು.

"ಇವರು ನಮ್ಮಮ್ಮ" ಎಂದ.

ಆ ಮನುಷ್ಯನ ಮುಖ ಬಿಳಿಚಿತು. ತಾವೇ ಫೋನು ತೆಗೆದುಕೊಂಡು, ಚಿತ್ರ ಅಳಿಸಿದರು. ತಂಡ ಮುಂದೆ ಸಾಗಿತು.

ಮೈದುನ ಒಳಗೆ ಬಂದು ಮಂಚದ ಪಕ್ಕ ಕುಳಿತ. "ಅಮ್ಮ, ನಾನೇ." ಹೊದಿಕೆ ಅಲುಗಲಿಲ್ಲ. "ಅಮ್ಮ, ಎಲ್ಲರೂ ಹೋದ್ರು." ಆದರೂ ಅವರು ಮುಖ ತೆರೆಯಲಿಲ್ಲ. ಹಿರಿಸೊಸೆ ಬೈಯಬೇಕೆಂದು ನಾಲ್ಕು ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಬದಿಗಿಟ್ಟು, ಒದ್ದೆ ಬಟ್ಟೆಯನ್ನು ಹಿಂಡಿ ಒಣಗಲು ಹಾಕಿದಳು.

ಮರುದಿನ ಹತ್ತಕ್ಕೆ ಗಂಟೆಗಳ ಸದ್ದಿಲ್ಲ. ಬೀದಿಯ ತುದಿಯಿಂದ ಮೈದುನನ ದನಿ ಕೇಳಿಸಿತು.

"ಎಲ್ಲರೂ ಇಳಿದು ತಳ್ಕೊಂಡು ಬನ್ನಿ. ಫೋನು ಬ್ಯಾಗಲ್ಲಿರಲಿ."

"ಯಾಕೆ, ಈ ಬೀದೀಲಿ ನೋಡೋಕೆ ಏನೂ ಇಲ್ವಾ?" ಯಾರೋ ಕೇಳಿದರು.

"ಇಲ್ಲಿ ಜನ ಇದ್ದಾರೆ. ನೋಡೋಕೆ ಆ ಕಡೆ ನದಿ ಇದೆ."

ಚಕ್ರಗಳು ಟಕಟಕ ಎನ್ನುತ್ತ, ಎಲ್ಲೂ ನಿಲ್ಲದೆ ಮನೆಯ ಮುಂದೆ ಹಾದುಹೋದವು.

"ಇಷ್ಟು ಹೇಳೋಕೆ ಈ ಮಹಾರಾಯನಿಗೆ ನಾಲ್ಕು ವರ್ಷ ಬೇಕಾಯ್ತು, ನೋಡಿ ಅತ್ತೆ" ಎಂದು ಗೊಣಗುತ್ತ, ಹಿರಿಸೊಸೆ ಹೊಲಿಗೆ ಯಂತ್ರ ತುಳಿಯತೊಡಗಿದಳು.